ಇಪ್ಪತ್ತನಾಲ್ಕು ತೇಲುಗುರುತುಗಳು ಮತ್ತು ಐದನೆಯ ವಿಧಿ

2024ರ ಮೇ 23ರ ನಸುಕಿನಲ್ಲಿ ರಷ್ಯಾದ ಗಡಿ ಕಾವಲು ಪಡೆಯವರು ನಾರ್ವಾ ನದಿಗೆ ಇಳಿದು, ಎಸ್ಟೋನಿಯಾ ಬಿಟ್ಟಿದ್ದ 24 ತೇಲುಗುರುತುಗಳನ್ನು ನೀರಿನಿಂದ ಎತ್ತಿಕೊಂಡು ಹೋದರು. ನಾರ್ವಾ ಈ ಎರಡು ದೇಶಗಳ ನಡುವಿನ ಗಡಿನದಿ. ಮೀನು ಹಿಡಿಯುವವರು, ದೋಣಿ ನಡೆಸುವವರು ಗೊತ್ತಿಲ್ಲದೆ ಆಚೆಯ ದೇಶದ ನೀರಿಗೆ ಹೋಗಿಬಿಡಬಾರದೆಂದು ಎಸ್ಟೋನಿಯಾ ಚಳಿಗಾಲ ಕಳೆದ ಮೇಲೆ ಅಲ್ಲಿ ಇಂಥ ಗುರುತುಗಳನ್ನು ಬಿಡುತ್ತದೆ. ಆ ವರ್ಷ ಸುಮಾರು 250 ಗುರುತುಗಳನ್ನು ಇಡುವ ಯೋಜನೆಯಿತ್ತು. ಮೊದಲ ಕಂತಿನಲ್ಲಿ ಬಿಟ್ಟ 50ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ಮಾಯವಾದವು. ಅವುಗಳ ಜಾಗದ ಬಗ್ಗೆ ತನಗೆ ತಕರಾರಿದೆ ಎಂಬುದು ರಷ್ಯಾದ ವಾದವಾಗಿತ್ತು. ಎಸ್ಟೋನಿಯಾ ಪ್ರತಿಭಟಿಸಿತು, ವಿವರಣೆ ಕೇಳಿತು, ಗುರುತುಗಳನ್ನು ಹಿಂದಿರುಗಿಸಿ ಎಂದಿತು.

ಎಸ್ಟೋನಿಯಾ 2004ರಿಂದ ನೇಟೊ ಸದಸ್ಯ ರಾಷ್ಟ್ರ. ಜಗತ್ತಿನ ಅತ್ಯಂತ ಬಲಿಷ್ಠ ಸೇನಾ ಕೂಟ ಅದರ ಬೆನ್ನಿಗಿದೆ. ಆದರೂ 24 ತೇಲುಗುರುತುಗಳಿಗಾಗಿ ಯಾರೂ ಯುದ್ಧಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವವರನ್ನು ನಾವು ಬುದ್ಧಿವಂತರೆಂದು ಕರೆಯುವುದಿಲ್ಲವಷ್ಟೆ. ಹಾಗಾದರೆ ಕೊಡಲಿ ಎತ್ತಬೇಕಾದ ಗಳಿಗೆ ಯಾವುದು, ಅದನ್ನು ನಿರ್ಧರಿಸುವವರು ಯಾರು, ಆ ನಿರ್ಧಾರವಾಗುವ ಹೊತ್ತಿಗೆ ಗಡಿಯಲ್ಲಿರುವ ಸಣ್ಣ ದೇಶದ ಕೈಯಲ್ಲಿ ಏನು ಉಳಿದಿರುತ್ತದೆ ಎಂಬ ಪ್ರಶ್ನೆಗಳು ಆ ಸುದ್ದಿ ಓದಿದ ದಿನ ನನ್ನ ತಲೆಗೆ ಹೊಕ್ಕವು, ಇನ್ನೂ ಹೊರಗೆ ಹೋಗಿಲ್ಲ.

ಅಲ್ಲಿಯವರೆಗೆ ನಾನೂ ಎಲ್ಲರಂತೆ, ‘ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ’ ಎಂಬ ಒಂದೇ ಸಾಲನ್ನು ಇಟ್ಟುಕೊಂಡು ವಾದ ಮಾಡುತ್ತಿದ್ದವನೇ. ಆಮೇಲೆ ಕುಳಿತು 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ, ನೇಟೊ ಹುಟ್ಟಿಗೆ ಕಾರಣವಾದ ಆ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಇರುವುದು ಹದಿನಾಲ್ಕೇ ವಿಧಿಗಳು. ಓದಲು ಅರ್ಧ ಗಂಟೆಯೂ ಬೇಡ. ಐದನೆಯ ವಿಧಿಯಲ್ಲಿ ಆ ಪ್ರಸಿದ್ಧ ಸಾಲಿನ ನಂತರ ಬರುವ ಮಾತನ್ನು ಹೆಚ್ಚಿನವರು ಉದ್ಧರಿಸುವುದೇ ಇಲ್ಲ. ದಾಳಿಗೊಳಗಾದ ದೇಶಕ್ಕೆ ನೆರವಾಗಲು ಪ್ರತಿಯೊಂದು ಸದಸ್ಯ ರಾಷ್ಟ್ರವೂ ‘ತನಗೆ ಅಗತ್ಯವೆಂದು ತೋರಿದ’ ಕ್ರಮವನ್ನು ಕೈಗೊಳ್ಳಬೇಕು, ಆ ಕ್ರಮಗಳಲ್ಲಿ ಸೇನಾಬಲದ ಬಳಕೆಯೂ ಸೇರಿದೆ ಎಂದಷ್ಟೇ ಅಲ್ಲಿದೆ. ಅಂದರೆ ಒಂದು ದೇಶ ಸೈನ್ಯ ಕಳಿಸಬಹುದು, ಇನ್ನೊಂದು ಔಷಧಿ ಕಳಿಸಬಹುದು, ಮತ್ತೊಂದು ಖಂಡನಾ ಹೇಳಿಕೆ ಕಳಿಸಿ ಸುಮ್ಮನಾಗಬಹುದು. ಅಕ್ಷರಶಃ ನೋಡಿದರೆ ಮೂವರೂ ಮಾತು ಉಳಿಸಿಕೊಂಡವರೇ. ಈ ಸಡಿಲಿಕೆ ಕರಡು ಬರೆದವರ ಅಜಾಗರೂಕತೆಯಿಂದ ಬಂದದ್ದಲ್ಲ. ಯುದ್ಧ ಸಾರುವ ಅಧಿಕಾರ ತನ್ನ ಸಂವಿಧಾನದ ಪ್ರಕಾರ ಸಂಸತ್ತಾದ ಕಾಂಗ್ರೆಸ್ಸಿನದಾಗಿರುವಾಗ ಒಪ್ಪಂದವೊಂದು ತನ್ನನ್ನು ತಾನೇ ತಾನಾಗಿ ಯುದ್ಧಕ್ಕೆ ಎಳೆಯುವಂತಿರಬಾರದು ಎಂದು ಅಮೆರಿಕ ಪಟ್ಟುಹಿಡಿದದ್ದರಿಂದ ಬಂದದ್ದು.

ಇದಕ್ಕಿಂತ ಬಿಗಿಯಾದ ಮಾತು ಬೇಕಿದ್ದರೆ ಅದರ ಹಿಂದಿನ ವರ್ಷ, 1948ರಲ್ಲಿ, ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಮಾಡಿಕೊಂಡ ಬ್ರಸೆಲ್ಸ್ ಒಪ್ಪಂದವನ್ನು ನೋಡಬೇಕು. ದಾಳಿಯಾದರೆ ತಮ್ಮ ಶಕ್ತಿಯಲ್ಲಿರುವ ಎಲ್ಲ ಸೇನಾ ನೆರವನ್ನೂ ಇತರ ನೆರವನ್ನೂ ಕೊಡುತ್ತೇವೆ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ಆದರೆ ಅದಕ್ಕೆ ಸಹಿ ಹಾಕಿದ ಐದೂ ದೇಶಗಳು ಆಗಷ್ಟೇ ಯುದ್ಧದಿಂದ ಎದ್ದು ಬಂದು ಸುಸ್ತಾಗಿದ್ದವು. ಹೀಗಾಗಿ ಮಾತು ಗಟ್ಟಿಯಿದ್ದ ಕಡೆ ಬಲವಿರಲಿಲ್ಲ. ಬಲವಿದ್ದವನು ಬಂದಾಗ ಮಾತು ಮೆತ್ತಗಾಯಿತು. ಯುರೋಪಿನ ಸಣ್ಣ ದೇಶಗಳು ಎರಡನೆಯದನ್ನೇ ಆರಿಸಿಕೊಂಡವು. ಅವುಗಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆರನೆಯ ವಿಧಿ ಇನ್ನೂ ಕುತೂಹಲಕರವಾದದ್ದು, ಏಕೆಂದರೆ ರಕ್ಷಣೆ ಯಾವ ಭೂಭಾಗಕ್ಕೆ ಅನ್ವಯಿಸುತ್ತದೆ ಎಂಬ ಗೆರೆಯನ್ನು ಎಳೆದಿರುವುದು ಅಲ್ಲಿ. ಯುರೋಪು, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ವೃತ್ತಕ್ಕಿಂತ ಮೇಲಿರುವ ದ್ವೀಪಗಳು, ಮುಂತಾಗಿ. ಪೋರ್ಚುಗಲ್ ನೇಟೊದ ಸ್ಥಾಪಕ ಸದಸ್ಯ ರಾಷ್ಟ್ರವಾಗಿದ್ದರೂ 1961ರ ಡಿಸೆಂಬರಿನಲ್ಲಿ ಭಾರತೀಯ ಸೇನೆ ಗೋವಾ ಪ್ರವೇಶಿಸಿದಾಗ ಆ ಕೂಟದ ಒಂದು ತುಕಡಿಯೂ ಕದಲಲಿಲ್ಲ. 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗೆ ಅರ್ಜೆಂಟೀನಾ ನುಗ್ಗಿದಾಗ ಬ್ರಿಟನ್ ತನ್ನ ಯುದ್ಧವನ್ನು ತಾನೇ ಮಾಡಬೇಕಾಯಿತು. ಎರಡೂ ಜಾಗಗಳು ಗೆರೆಯ ಹೊರಗಿದ್ದವು.

ಪಠ್ಯದ ಈ ಸೂಕ್ಷ್ಮಗಳು ಸಣ್ಣ ದೇಶವೊಂದರ ಹಣೆಬರಹವನ್ನೇ ಬದಲಿಸಬಲ್ಲವು ಎಂಬುದಕ್ಕೆ 1914ರ ಆಗಸ್ಟ್ ತಿಂಗಳ ಮೊದಲ ವಾರದಷ್ಟು ಸ್ಪಷ್ಟವಾದ ನಿದರ್ಶನ ನನಗೆ ಇನ್ನೊಂದು ಸಿಕ್ಕಿಲ್ಲ. ಬೆಲ್ಜಿಯಂನ ತಟಸ್ಥತೆಗೆ 1839ರ ಒಪ್ಪಂದದ ಖಾತರಿಯಿತ್ತು. ಪಕ್ಕದ ಲಕ್ಸೆಂಬರ್ಗ್‌ಗೆ 1867ರ ಒಪ್ಪಂದದ ಖಾತರಿಯಿತ್ತು. ಆಗಸ್ಟ್ 2ರಂದು ಜರ್ಮನಿ ಲಕ್ಸೆಂಬರ್ಗ್‌ಗೆ ನುಗ್ಗಿತು, ಬ್ರಿಟನ್ ಅಲುಗಾಡಲಿಲ್ಲ. ಆಗಸ್ಟ್ 4ರಂದು ಬೆಲ್ಜಿಯಂಗೆ ನುಗ್ಗಿತು. ಅದೇ ದಿನ ಬ್ರಿಟನ್ ಯುದ್ಧ ಸಾರಿತು. ಲಕ್ಸೆಂಬರ್ಗ್‌ಗೆ ಕೊಟ್ಟದ್ದು ‘ಸಾಮೂಹಿಕ’ ಖಾತರಿ, ಖಾತರಿ ಕೊಟ್ಟವರೆಲ್ಲರೂ ಒಟ್ಟಿಗೆ ಬಂದರೆ ಮಾತ್ರ ನಾವೂ ಬರಬೇಕು, ಒಬ್ಬೊಬ್ಬರಾಗಿ ಬರುವ ಹೊಣೆ ನಮಗಿಲ್ಲ ಎಂಬ ವ್ಯಾಖ್ಯಾನವನ್ನು ಬ್ರಿಟನ್ನಿನ ಮಂತ್ರಿಗಳು 1867ರಲ್ಲೇ ಕೊಟ್ಟು, ಬಾಗಿಲು ತೆರೆದಿಟ್ಟುಕೊಂಡಿದ್ದರು. ಖಾತರಿ ಕೊಟ್ಟವರಲ್ಲಿ ಒಬ್ಬನೇ ದಾಳಿಕೋರನಾದಾಗ ಎಲ್ಲರೂ ಒಟ್ಟಿಗೆ ಬರುವುದು ಎಲ್ಲಿಂದ? ಅಸಲು ಸಂಗತಿ ಭೂಗೋಳದಲ್ಲಿತ್ತು ಎಂದು ನನಗನ್ನಿಸುತ್ತದೆ. ಬೆಲ್ಜಿಯಂನ ಕರಾವಳಿ ಇಂಗ್ಲೆಂಡಿನ ಎದುರಿಗಿತ್ತು. ಲಕ್ಸೆಂಬರ್ಗ್‌ಗೆ ಕರಾವಳಿಯೇ ಇರಲಿಲ್ಲ.

ಬೆಲ್ಜಿಯಂನ ನೆರವಿಗೆ ಬಂದದ್ದೂ ಬೆಲ್ಜಿಯಂ ಉಳಿದದ್ದೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಆ ದೇಶದ ಬಹುಭಾಗ ನಾಲ್ಕು ವರ್ಷ ಜರ್ಮನಿಯ ವಶದಲ್ಲಿತ್ತು. 1939ರಲ್ಲಿ ಪೋಲೆಂಡಿಗೂ ಹೀಗೇ ಆಯಿತು. ಬ್ರಿಟನ್ ಮತ್ತು ಫ್ರಾನ್ಸ್ ಕೊಟ್ಟ ಮಾತಿನಂತೆ ಸೆಪ್ಟೆಂಬರ್ 3ರಂದು ಯುದ್ಧ ಸಾರಿದವು, ಆದರೆ ಪಶ್ಚಿಮದ ಗಡಿಯಲ್ಲಿ ಹೇಳಿಕೊಳ್ಳುವಂಥ ಕದನವೇ ನಡೆಯದೆ, ಆ ತಿಂಗಳು ಮುಗಿಯುವಷ್ಟರಲ್ಲಿ ವಾರ್ಸಾ ಶರಣಾಯಿತು. ಮಿತ್ರರು ಬರುತ್ತಾರೆಯೇ ಎಂದು ಕೇಳುವವರು ಯಾವಾಗ ಬರುತ್ತಾರೆ ಎಂದೂ ಕೇಳಬೇಕು. 2022ರ ಜೂನ್‌ನಲ್ಲಿ ಎಸ್ಟೋನಿಯಾದ ಆಗಿನ ಪ್ರಧಾನಿ ಕಾಯಾ ಕಲ್ಲಾಸ್ ಇದನ್ನೇ ಬಹಿರಂಗವಾಗಿ ಎತ್ತಿದರು. ಆಗ ಜಾರಿಯಲ್ಲಿದ್ದ ನೇಟೊ ಯೋಜನೆಗಳ ಪ್ರಕಾರ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ದೇಶಗಳನ್ನು ಮೊದಲು ಕಳೆದುಕೊಂಡು 180 ದಿನಗಳ ನಂತರ ಬಿಡಿಸಿಕೊಳ್ಳಬೇಕಿತ್ತು, ಅಷ್ಟು ಹೊತ್ತಿಗೆ ತಮ್ಮ ದೇಶ ಭೂಪಟದಲ್ಲೇ ಇರುವುದಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಯೋಜನೆಯನ್ನು ಕೋಟೆಯ ಒಳಗಿರುವವರು ಹೇಗೆ ಒಪ್ಪಿಯಾರು? ಅದೇ ತಿಂಗಳ ಕೊನೆಯಲ್ಲಿ ಮ್ಯಾಡ್ರಿಡ್ ಶೃಂಗಸಭೆ ಗಡಿಯಿಂದಲೇ ರಕ್ಷಣೆ ಆರಂಭಿಸುವ ನಿಲುವಿಗೆ ಬಂತು. ಅಂದರೆ ಉಕ್ರೇನಿನ ಬುಚಾದಂಥ ಊರುಗಳಲ್ಲಿ ಕೆಲವೇ ವಾರಗಳ ಆಕ್ರಮಣ ಏನು ಮಾಡಬಲ್ಲದು ಎಂದು ಜಗತ್ತು ಕಣ್ಣಾರೆ ಕಂಡ ಮೇಲೆ.

ಇದುವರೆಗೆ ಹೇಳಿದ್ದೆಲ್ಲ ದೊಡ್ಡ ಯುದ್ಧಗಳ ಮಾತು. ಗಡಿ ತಂಟೆಯ ಸ್ವಭಾವ ಬೇರೆ. ದೊಡ್ಡ ಯುದ್ಧಕ್ಕೆಂದು ಹೆಣೆದ ಬಲೆಯಲ್ಲಿ ಸಣ್ಣ ಮೀನು ನುಸುಳಿ ಹೋಗುತ್ತದೆ. ಈ ಮಾತಿಗೆ ನಮ್ಮ ಕಾಲದ ಅತ್ಯಂತ ಕಹಿ ಉದಾಹರಣೆ ಅರ್ಮೇನಿಯಾ.

ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ನಾಲ್ಕನೆಯ ವಿಧಿಯೂ ಒಬ್ಬ ಸದಸ್ಯನ ಮೇಲಿನ ಆಕ್ರಮಣವನ್ನು ಎಲ್ಲರ ಮೇಲಿನ ಆಕ್ರಮಣವೆಂದೇ ಪರಿಗಣಿಸುತ್ತದೆ; ಸೇನಾ ನೆರವು ಕೊಡಬೇಕೆಂದು ನೇಟೊ ಒಪ್ಪಂದಕ್ಕಿಂತ ನೇರವಾಗಿಯೇ ಹೇಳುತ್ತದೆ. 2021ರ ಮೇ ತಿಂಗಳಲ್ಲಿ ಅಜರ್‌ಬೈಜಾನಿನ ಸೈನಿಕರು ಅರ್ಮೇನಿಯಾದ ಬೆಟ್ಟಸಾಲಿನ ಸೆವ್ ಸರೋವರದ ಬಳಿ ಮುಂದೊತ್ತಿ ಬಂದಾಗ ಅರ್ಮೇನಿಯಾ ಈ ಸಂಘಟನೆಯ ಬಾಗಿಲು ತಟ್ಟಿತು. ಇದು ಗಡಿಯಲ್ಲಿ ನಡೆದ ಘಟನೆ, ನಮ್ಮ ವ್ಯವಸ್ಥೆ ಇರುವುದು ಆಕ್ರಮಣಕ್ಕೆ ಎಂಬುದು ಅಲ್ಲಿಂದ ಬಂದ ಉತ್ತರದ ತಿರುಳು. ಮುಂದಿನ ವರ್ಷ, 2022ರ ಸೆಪ್ಟೆಂಬರ್ 13ರ ಮೊದಲ ಗಳಿಗೆಗಳಲ್ಲಿ, ಜೆರ್ಮುಕ್, ಗೋರಿಸ್ ಮೊದಲಾದ ಊರುಗಳ ಕಡೆಗೆ ಅಜರ್‌ಬೈಜಾನಿನ ಫಿರಂಗಿ ಮತ್ತು ಡ್ರೋನ್ ದಾಳಿ ನಡೆಯಿತು. ಈ ಊರುಗಳು ಆಗ ಎರಡೂ ದೇಶಗಳ ನಡುವೆ ವಿವಾದದಲ್ಲಿದ್ದ ನಾಗೋರ್ನೊ-ಕರಾಬಾಖ್‌ನಲ್ಲಿಲ್ಲ. ಅರ್ಮೇನಿಯಾದ ಒಳಗೇ ಇವೆ. ಎರಡು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಅರ್ಮೇನಿಯನ್ನರು ಸತ್ತರು. ಅರ್ಮೇನಿಯಾ ಈ ಬಾರಿ ನಾಲ್ಕನೆಯ ವಿಧಿಯನ್ನೇ ಮುಂದಿಟ್ಟು ಸೇನಾ ನೆರವು ಕೇಳಿತು. ಸಂಘಟನೆ ಪರಿಸ್ಥಿತಿಯ ಅಧ್ಯಯನಕ್ಕೆ ತನ್ನ ಪ್ರಧಾನ ಕಾರ್ಯದರ್ಶಿಯ ನೇತೃತ್ವದಲ್ಲಿ ಒಂದು ನಿಯೋಗ ಕಳಿಸಿತು.

ಈ ಕೂಟಕ್ಕೆ ವೇಗವಾಗಿ ಚಲಿಸಲು ಬರುವುದಿಲ್ಲವೆಂದು ಯಾರಾದರೂ ಭಾವಿಸಿದರೆ ಅದೇ ವರ್ಷದ ಜನವರಿಯನ್ನು ನೆನಪಿಸಿಕೊಳ್ಳಬೇಕು. ಕಜಾಕ್‌ಸ್ತಾನದ ಅಧ್ಯಕ್ಷರು ಗಲಭೆ ಹತ್ತಿಕ್ಕಲು ನೆರವು ಕೇಳಿದ ಮರುದಿನವೇ ಸೈನಿಕರನ್ನು ಹೊತ್ತ ವಿಮಾನಗಳು ಅಲ್ಲಿ ಇಳಿಯತೊಡಗಿದ್ದವು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೋಗಿ, ಕೆಲಸ ಮುಗಿಸಿ, ತಿಂಗಳು ತುಂಬುವ ಮೊದಲೇ ಮರಳಿದ್ದರು. ಆ ನಿಯೋಜನೆಯನ್ನು ಕೂಟದ ಸರದಿ ಅಧ್ಯಕ್ಷರಾಗಿ ಜಗತ್ತಿಗೆ ಪ್ರಕಟಿಸಿದವರು ಅರ್ಮೇನಿಯಾದ ಪ್ರಧಾನಿ ನಿಕೋಲ್ ಪಶಿನ್ಯಾನ್ ಅವರೇ! ಆದ್ದರಿಂದ ಕೊರತೆ ಇದ್ದದ್ದು ವಿಮಾನಗಳದ್ದಲ್ಲ. ರಷ್ಯಾಕ್ಕೆ ಉಕ್ರೇನಿನಲ್ಲಿ ಕೈತುಂಬ ಕೆಲಸವಿತ್ತು, ಅಜರ್‌ಬೈಜಾನ್ ಜೊತೆ ವ್ಯಾಪಾರದ ನಂಟಿತ್ತು. ಕೂಟದ ಇತರ ಸದಸ್ಯರಾದ ಬೆಲಾರೂಸ್ ಮತ್ತು ಕಜಾಕ್‌ಸ್ತಾನಗಳಿಗೂ ಅಜರ್‌ಬೈಜಾನಿನ ಗೆಳೆತನ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಬಾರದಿರಲು ನೆಪ ಬೇಕಿದ್ದವರಿಗೆ ಗಡಿ ಇನ್ನೂ ಗುರುತಾಗಿಲ್ಲ ಎಂಬುದು ಒದಗಿ ಬಂತು. ಗೆರೆಯೇ ಎಲ್ಲಿದೆಯೆಂದು ಗೊತ್ತಿಲ್ಲದಿರುವಾಗ ಗೆರೆ ದಾಟಿದ್ದಾರೆಂದು ಹೇಗೆ ಹೇಳುವುದು ಎಂಬ ತರ್ಕ ಕೇಳಲು ಸೊಗಸಾಗಿಯೇ ಇದೆ. ಅದೇ ವಾರ ಕಿರ್ಗಿಸ್ತಾನ ಮತ್ತು ತಜಿಕಿಸ್ತಾನಗಳು ತಮ್ಮ ಗುರುತಾಗದ ಗಡಿಯಲ್ಲಿ ಟ್ಯಾಂಕು, ರಾಕೆಟ್ಟುಗಳೊಡನೆ ಹೊಡೆದಾಡಿಕೊಂಡವು. ಅವೆರಡೂ ಇದೇ ಕೂಟದ ಸದಸ್ಯರು. ಯಾರನ್ನು ಯಾರಿಂದ ರಕ್ಷಿಸಬೇಕು? 1974ರಲ್ಲಿ ಸೈಪ್ರಸ್ ವಿಚಾರದಲ್ಲಿ ಗ್ರೀಸ್ ಮತ್ತು ಟರ್ಕಿ ಎದುರುಬದುರಾದಾಗ ನೇಟೊ ಕೂಡ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು.

ಆ ನವೆಂಬರಿನಲ್ಲಿ ತಮ್ಮ ರಾಜಧಾನಿ ಯೆರೆವಾನ್‌ನಲ್ಲೇ ನಡೆದ ಶೃಂಗಸಭೆಯ ಘೋಷಣೆಗೆ ಸಹಿ ಹಾಕಲು ಪಶಿನ್ಯಾನ್ ನಿರಾಕರಿಸಿದರು. 2024ರ ಹೊತ್ತಿಗೆ ಅರ್ಮೇನಿಯಾ ಕೂಟದಲ್ಲಿ ತನ್ನ ಭಾಗವಹಿಸುವಿಕೆಯನ್ನು ತಡೆಹಿಡಿದಿತ್ತು. ಅದರ ಗಡಿಗುಂಟ 2023ರಿಂದ ಗಸ್ತು ತಿರುಗತೊಡಗಿದವರು ಯುರೋಪಿಯನ್ ಒಕ್ಕೂಟದ ವೀಕ್ಷಕರು. ಅವರ ಕೈಯಲ್ಲಿ ಆಯುಧವಿಲ್ಲ.

ದಾಳಿಯಾಗಿದೆಯೆಂದು ಹೇಳಲು ಒಮ್ಮೊಮ್ಮೆ ಸ್ವತಃ ಪೆಟ್ಟು ತಿಂದ ದೇಶವೇ ಹಿಂಜರಿಯುತ್ತದೆ. ಫಿಲಿಪೀನ್ಸ್ ಜನಸಂಖ್ಯೆಯಲ್ಲಿ ಸಣ್ಣ ದೇಶವೇನಲ್ಲ, ಆದರೆ ಚೀನಾದ ನೌಕಾಬಲದ ಎದುರು ಸಣ್ಣದೇ. 1999ರಲ್ಲಿ ಅದು ಎರಡನೆಯ ಮಹಾಯುದ್ಧ ಕಾಲದ ಒಂದು ಹಳೆಯ ಹಡಗನ್ನು ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಕೂಡ ತನ್ನದೆನ್ನುವ ಸೆಕೆಂಡ್ ಥಾಮಸ್ ದಿಬ್ಬದ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿತು. ತುಕ್ಕು ತಿನ್ನುತ್ತಿರುವ ಆ ಹಡಗಿನಲ್ಲಿ ಇಂದಿಗೂ ಬೆರಳೆಣಿಕೆಯ ಸೈನಿಕರು ವಾಸವಾಗಿದ್ದಾರೆ. ಅವರಿಗೆ ಆಹಾರ, ನೀರು ದೋಣಿಯಲ್ಲಿ ಹೋಗಬೇಕು. 2024ರ ಜೂನ್ 17ರಂದು ಹಾಗೆ ಹೊರಟ ರಬ್ಬರ್ ದೋಣಿಗಳನ್ನು ಚೀನಾದ ಕರಾವಳಿ ಕಾವಲು ಪಡೆಯವರು ಚೂರಿ, ಕೊಡಲಿ ಹಿಡಿದು ಅಡ್ಡಗಟ್ಟಿದರು, ದೋಣಿಗಳನ್ನು ಹರಿದರು. ಆ ಗದ್ದಲದಲ್ಲಿ ಫಿಲಿಪೀನ್ಸಿನ ಒಬ್ಬ ನಾವಿಕ ಹೆಬ್ಬೆರಳನ್ನು ಕಳೆದುಕೊಂಡ.

ಅಮೆರಿಕದೊಡನೆ ಫಿಲಿಪೀನ್ಸ್ 1951ರಲ್ಲೇ ಪರಸ್ಪರ ರಕ್ಷಣಾ ಒಪ್ಪಂದ ಮಾಡಿಕೊಂಡಿದೆ. ಸಾರ್ವಜನಿಕ ಹಡಗುಗಳ ಮೇಲಿನ ಸಶಸ್ತ್ರ ದಾಳಿಗೂ ಅದು ಅನ್ವಯಿಸುತ್ತದೆ. ದಕ್ಷಿಣ ಚೀನಾ ಸಮುದ್ರವೂ ಅದರ ವ್ಯಾಪ್ತಿಗೆ ಸೇರುತ್ತದೆಂದು ಅಮೆರಿಕ 2019ರಲ್ಲಿ ಸ್ಪಷ್ಟಪಡಿಸಿದೆ. ಈ ಘಟನೆಗೆ ಕೇವಲ ಹದಿನೈದಿಪ್ಪತ್ತು ದಿನ ಮೊದಲು ಸಿಂಗಪುರದ ಸಭೆಯೊಂದರಲ್ಲಿ ಅಧ್ಯಕ್ಷ ಮಾರ್ಕೋಸ್, ಫಿಲಿಪೀನ್ಸಿನ ಒಬ್ಬ ಪ್ರಜೆ ಉದ್ದೇಶಪೂರ್ವಕ ಕೃತ್ಯದಲ್ಲಿ ಸತ್ತರೆ ಅದು ಯುದ್ಧ ಕೃತ್ಯಕ್ಕೆ ತೀರಾ ಹತ್ತಿರವಾದದ್ದು ಎಂದಿದ್ದರು. ಹೆಬ್ಬೆರಳು ಹೋಯಿತು, ಜೀವ ಉಳಿಯಿತು. ಮನಿಲಾದ ಹಿರಿಯ ಅಧಿಕಾರಿಯೊಬ್ಬರು ಮೊದಲಿಗೆ ಇದೊಂದು ತಪ್ಪು ತಿಳಿವಳಿಕೆಯೋ ಆಕಸ್ಮಿಕವೋ ಇರಬಹುದೆಂದರು. ಉದ್ದೇಶಪೂರ್ವಕವಾದದ್ದೇ, ಆದರೆ ಸಶಸ್ತ್ರ ದಾಳಿಯಲ್ಲ ಎಂಬ ನಿಲುವಿಗೆ ಅಧ್ಯಕ್ಷರು ಬಂದರು. ಅವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಒಪ್ಪಂದವನ್ನು ಚಲಾಯಿಸಿ ಮಿತ್ರ ಬಾರದೆ ಹೋದರೆ ಆ ಒಪ್ಪಂದ ಅಲ್ಲಿಗೆ ಸತ್ತಂತೆ. ಚಲಾಯಿಸದೆ ಇಟ್ಟುಕೊಂಡರೆ ಅದರ ಅಂಜಿಕೆಯಾದರೂ ಉಳಿಯುತ್ತದೆ. ಎದುರಾಳಿಗೂ ಇದು ಗೊತ್ತು. ಅವನು ಹೆಬ್ಬೆರಳಿನಷ್ಟೇ ಮುಂದೆ ಬರುತ್ತಾನೆ.

ಹಾಗೆಂದು ಕೂಟಗಳೆಲ್ಲ ಬರೀ ಕಾಗದ ಎಂದು ಕೈಚೆಲ್ಲುವವರ ಜೊತೆ ನಾನು ಸೇರಲಾರೆ. ಗೆದ್ದ ಸಂದರ್ಭಗಳಲ್ಲಿ ಏನೂ ನಡೆದಿರುವುದಿಲ್ಲ, ಏನೂ ನಡೆಯದ್ದು ಸುದ್ದಿಯಾಗುವುದಿಲ್ಲ. ಮಧ್ಯ ಅಮೆರಿಕದ ಬೆಲೀಝ್ ಎಂಬ ಪುಟ್ಟ ದೇಶದ ಕಥೆ ಎಷ್ಟು ಜನರಿಗೆ ಗೊತ್ತು? ಅದರ ನೆಲವೆಲ್ಲ ತನ್ನದೆಂದು ಗ್ವಾಟೆಮಾಲಾ ಹಟ ಹಿಡಿದಿತ್ತು. 1981ರಲ್ಲಿ ಬೆಲೀಝ್ ಸ್ವತಂತ್ರವಾದ ಮೇಲೂ ಬ್ರಿಟನ್ ತನ್ನ ಪಡೆಗಳನ್ನೂ ಕೆಲವು ಹ್ಯಾರಿಯರ್ ಯುದ್ಧವಿಮಾನಗಳನ್ನೂ ಅಲ್ಲಿಯೇ ಬಿಟ್ಟಿತು. ಗ್ವಾಟೆಮಾಲಾ ದಂಡೆತ್ತಿ ಬರಲಿಲ್ಲ. 1991ರಲ್ಲಿ ಬೆಲೀಝನ್ನು ಸ್ವತಂತ್ರ ರಾಷ್ಟ್ರವೆಂದು ಒಪ್ಪಿಕೊಂಡಿತು. ನೆಲದ ತಕರಾರು ಈಗ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿದೆ. ಗ್ವಾಟೆಮಾಲಾದ ಸೇನೆಗೆ ಬ್ರಿಟಿಷರು ಬರುತ್ತಾರೋ ಇಲ್ಲವೋ ಎಂದು ಊಹಿಸುವ ಕಷ್ಟವೇ ಇರಲಿಲ್ಲ, ಏಕೆಂದರೆ ಅವರು ಆಗಲೇ ಅಲ್ಲಿದ್ದರು.

ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿ ಇರುವುದು ಇಲ್ಲಿ. ಬರುತ್ತೇವೆ ಎನ್ನುವವನಿಗೆ ಬಾರದಿರುವ ಆಯ್ಕೆ ಕೊನೆಯ ಗಳಿಗೆಯವರೆಗೂ ಇರುತ್ತದೆ. ಬಂದು ಕುಳಿತವನಿಗೆ ಎದ್ದು ಹೋಗುವ ಆಯ್ಕೆ ಮಾತ್ರ ಇರುತ್ತದೆ, ಅದು ಎಲ್ಲರ ಕಣ್ಣೆದುರು ಆಗಬೇಕಾದದ್ದು. 2008ರ ಏಪ್ರಿಲ್‌ನಲ್ಲಿ ಜಾರ್ಜಿಯಾ ಮುಂದೊಂದು ದಿನ ನೇಟೊ ಸದಸ್ಯವಾಗುತ್ತದೆ ಎಂದು ಬುಕಾರೆಸ್ಟ್ ಶೃಂಗಸಭೆ ಘೋಷಿಸಿತ್ತು. ಆಗಸ್ಟಿನಲ್ಲಿ, ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ದಕ್ಷಿಣ ಒಸೆಟಿಯಾದ ಜಗಳ ಯುದ್ಧವಾಗಿ ರಷ್ಯಾದ ಟ್ಯಾಂಕುಗಳು ಒಳಗೆ ಬಂದಾಗ, ಇರಾಕಿನಲ್ಲಿ ಅಮೆರಿಕದ ಪರವಾಗಿ ಕೆಲಸ ಮಾಡುತ್ತಿದ್ದ ಸುಮಾರು ಎರಡು ಸಾವಿರ ಜಾರ್ಜಿಯನ್ ಸೈನಿಕರನ್ನು ಅಮೆರಿಕ ತನ್ನ ವಿಮಾನಗಳಲ್ಲಿ ಮನೆಗೆ ತಲುಪಿಸಿತು. ತನ್ನ ಸೈನಿಕರನ್ನು ಕಳಿಸಲಿಲ್ಲ. ದಕ್ಷಿಣ ಒಸೆಟಿಯಾದ ಮುಖ್ಯ ಪಟ್ಟಣ ತ್ಸ್ಕಿನ್ವಾಲಿಯ ಮೇಲೆ ಫಿರಂಗಿ ಹಾರಿಸುವ ಮುನ್ನ ಜಾರ್ಜಿಯಾದ ಅಂದಿನ ನಾಯಕತ್ವ ಬುಕಾರೆಸ್ಟಿನ ಆ ವಾಕ್ಯಕ್ಕೆ ಅದರ ತೂಕಕ್ಕಿಂತ ಹೆಚ್ಚು ಬೆಲೆ ಕಟ್ಟಿತ್ತೆಂದು ನನ್ನ ಅನಿಸಿಕೆ. ದೊಡ್ಡ ದೇಶಗಳು ಬಿಗಿಯಾದ ಮಾತು ಕೊಡಲು ಅಂಜುವುದಕ್ಕೂ ಇದೇ ಕಾರಣ: ಸಣ್ಣವನೊಬ್ಬ ಬೆನ್ನಿಗೆ ಜನರಿದ್ದಾರೆಂದು ನಂಬಿ ಕಾಲು ಕೆರೆದು ನಿಂತರೆ ಯುದ್ಧ ಮಾಡಬೇಕಾದವರು ತಾವು.

ಸೈನಿಕರು ಅಲ್ಲಿದ್ದರೂ ತೇಲುಗುರುತಿನ ಸಮಸ್ಯೆ ಪೂರ್ತಿ ತೀರುವುದಿಲ್ಲ ಎಂಬುದನ್ನೂ ಒಪ್ಪಬೇಕು. 2014ರ ಸೆಪ್ಟೆಂಬರ್ 3ರಂದು ಅಮೆರಿಕದ ಅಧ್ಯಕ್ಷ ಒಬಾಮಾ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ಬಂದು, ಬರ್ಲಿನ್, ಪ್ಯಾರಿಸ್, ಲಂಡನ್‌ಗಳ ರಕ್ಷಣೆಯಷ್ಟೇ ಬಾಲ್ಟಿಕ್ ರಾಜಧಾನಿಗಳ ರಕ್ಷಣೆಯೂ ಮುಖ್ಯ ಎಂದು ಭಾಷಣ ಮಾಡಿದರು. ಎರಡೇ ದಿನಗಳ ನಂತರ ಎಸ್ಟೋನಿಯಾದ ಭದ್ರತಾ ಅಧಿಕಾರಿಯೊಬ್ಬರನ್ನು ಗಡಿಯಿಂದ ರಷ್ಯಾದವರು ಹಿಡಿದುಕೊಂಡು ಹೋದರು, ಬೇಹುಗಾರಿಕೆಯ ಆರೋಪ ಹೊರಿಸಿ 15 ವರ್ಷ ಶಿಕ್ಷೆ ವಿಧಿಸಿದರು. ಒಂದು ವರ್ಷದ ನಂತರ ಪಿಯುಸಾ ನದಿಯ ಸೇತುವೆಯ ಮೇಲೆ, ರಷ್ಯಾಕ್ಕಾಗಿ ಬೇಹುಗಾರಿಕೆ ಮಾಡಿ ಸೆರೆಯಲ್ಲಿದ್ದ ಒಬ್ಬನನ್ನು ಬಿಟ್ಟುಕೊಟ್ಟು ಎಸ್ಟೋನಿಯಾ ತನ್ನ ಅಧಿಕಾರಿಯನ್ನು ವಾಪಸ್ ಪಡೆಯಿತು. ಇಂಥ ಸಣ್ಣ ಕಡಿತಗಳನ್ನು ಸಣ್ಣ ದೇಶ ತನ್ನ ಪೊಲೀಸರು, ತನ್ನ ಕ್ಯಾಮೆರಾ, ತನ್ನ ಚೌಕಾಸಿಯಿಂದಲೇ ನಿಭಾಯಿಸಬೇಕು. ಕೂಟದ ಕೆಲಸ ಆ ಕಡಿತ ದೊಡ್ಡದಾಗದಂತೆ ನೋಡಿಕೊಳ್ಳುವುದು, ಅದಕ್ಕೆ ಬೇಕಾದದ್ದು ಜನ.

ಈ ಪಾಠವನ್ನು ಬಾಲ್ಟಿಕ್ ದೇಶಗಳು ಕಲಿತಿವೆ. 2017ರಿಂದ ಎಸ್ಟೋನಿಯಾದ ತಾಪಾದಲ್ಲಿ ಬ್ರಿಟಿಷರ ನೇತೃತ್ವದ ಪಡೆ, ಲಾಟ್ವಿಯಾದಲ್ಲಿ ಕೆನಡಾದ ನೇತೃತ್ವದ ಪಡೆ, ಲಿಥುವೇನಿಯಾದಲ್ಲಿ ಜರ್ಮನಿಯ ನೇತೃತ್ವದ ಪಡೆ ನೆಲೆಸಿವೆ. ಸಂಖ್ಯೆ ದೊಡ್ಡದಲ್ಲ, ರಷ್ಯಾದ ಸೈನ್ಯವನ್ನು ಅವು ಒಂಟಿಯಾಗಿ ತಡೆದು ನಿಲ್ಲಿಸಲಾರವು. ಆದರೆ ಅವರ ಮೇಲೆ ಗುಂಡು ಹಾರಿದರೆ ಆ ಸುದ್ದಿ ಲಂಡನ್ನಿಗೂ ಒಟ್ಟಾವಾಕ್ಕೂ ಬರ್ಲಿನ್ನಿಗೂ ವಿದೇಶಾಂಗ ಖಾತೆಯ ಟಿಪ್ಪಣಿಯಾಗಿ ಹೋಗದೆ ಸಾವಿನ ತಂತಿಯಾಗಿ ಹೋಗುತ್ತದೆ, ‘ಅಗತ್ಯವೆಂದು ತೋರಿದ ಕ್ರಮ’ದ ಬಗ್ಗೆ ಚರ್ಚಿಸುತ್ತ ಕೂರುವ ಅವಕಾಶ ಅಲ್ಲಿನ ಸಂಸತ್ತುಗಳಿಗೆ ಕಡಿಮೆಯಾಗುತ್ತದೆ. ಲಿಥುವೇನಿಯಾದಲ್ಲಂತೂ ಜರ್ಮನಿ ಈಗ ಒಂದು ಪೂರ್ಣ ಬ್ರಿಗೇಡನ್ನೇ ಕಾಯಂ ಆಗಿ ನೆಲೆಗೊಳಿಸುತ್ತಿದೆ. 2027ರ ಹೊತ್ತಿಗೆ ಸುಮಾರು ಐದು ಸಾವಿರ ಮಂದಿ ಅಲ್ಲಿರಬೇಕೆಂಬುದು ಗುರಿ. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಹೊರದೇಶದಲ್ಲಿ ಹೀಗೆ ಕಾಯಂ ಬ್ರಿಗೇಡ್ ಇಡುತ್ತಿರುವುದು ಇದೇ ಮೊದಲು. ಬೆಲಾರೂಸ್ ಗಡಿಗೆ ಹತ್ತಿರವಿರುವ ರೂದ್ನಿನ್‌ಕಾಯ್‌ನಲ್ಲಿ ಲಿಥುವೇನಿಯಾ ಅವರಿಗಾಗಿ ಸೇನಾನೆಲೆ ಕಟ್ಟುತ್ತಿದೆ. ಸೈನಿಕರು ತಮ್ಮ ಸಂಸಾರವನ್ನೂ ಕರೆತರಬಹುದು, ಆದ್ದರಿಂದ ನೆಲೆಯ ಜೊತೆಗೆ ಮನೆಗಳು ಬೇಕು, ಮಕ್ಕಳಿಗೆ ಜರ್ಮನ್ ಭಾಷೆಯ ಶಾಲೆ, ಶಿಶುವಿಹಾರ ಬೇಕು. ಐದನೆಯ ವಿಧಿಯ ಬಗ್ಗೆ ಸುದ್ದಿ ಬಂದಾಗ ಈಗ ನಾನು ನಾಯಕರ ಭಾಷಣಕ್ಕಿಂತ ಹೆಚ್ಚಾಗಿ ಆ ಕಟ್ಟಡಗಳ ಕೆಲಸ ಎಲ್ಲಿಗೆ ಬಂತು ಎಂದು ಹುಡುಕಿ ಓದುತ್ತೇನೆ.